ಸ್ವಭಾವ, ವಿಶ್ವಾಸ ಮತ್ತು ದುಡಿಮೆ

ಮನುಷ್ಯರ ಸ್ವಭಾವವನ್ನು ಕೆಲವು ಮಾದರಿಗಳಾಗಿ ವಿಂಗಡಿಸಿ, ಯಾರು ಯಾವ ಮಾದರಿಗೆ ಸೇರಿದವರೆಂಬುದನ್ನು ಪ್ರಶ್ನಾವಳಿಯ ಮೂಲಕ ಗುರುತಿಸುವ ಪದ್ಧತಿ ಇಂದು ಮಹಾನಗರಗಳ ಕಂಪನಿಗಳ ಸೊತ್ತಾಗಿ ಮಾತ್ರ ಉಳಿದಿಲ್ಲ. ಉದ್ಯೋಗಿಗಳ ತರಬೇತಿ ಶಿಬಿರಗಳಿಂದ ಹಿಡಿದು ಚರ್ಚುಗಳ ಯುವಜನ ಕೂಟಗಳವರೆಗೆ, ಅಲ್ಲಿಂದ ಮೊಬೈಲ್ ಫೋನಿನ ಪರದೆಯವರೆಗೆ ಅದು ಹಬ್ಬಿದೆ. ಹತ್ತು ನಿಮಿಷ ಪ್ರಶ್ನೆಗಳಿಗೆ ಉತ್ತರಿಸಿದವರು ತಾವು ಅಂತರ್ಮುಖಿಯೋ ಬಹಿರ್ಮುಖಿಯೋ, ವಿಚಾರಪ್ರಧಾನರೋ ಭಾವಪ್ರಧಾನರೋ ಎಂಬ ತೀರ್ಪನ್ನು ಕೈಯಲ್ಲಿ ಹಿಡಿದುಕೊಂಡು ಕೆಲಸಕ್ಕೆ ಮರಳುತ್ತಾರೆ. ದುಡಿಯುವ ಕ್ರೈಸ್ತ ವಿಶ್ವಾಸಿಯ ಪಾಲಿಗೆ ಈ ತೀರ್ಪಿನೊಡನೆ ಇನ್ನೊಂದು ಪ್ರಶ್ನೆಯೂ ಸೇರಿಕೊಳ್ಳುತ್ತದೆ: ದೇವರು ತನ್ನನ್ನು ಇಂಥ ಸ್ವಭಾವದವನಾಗಿ ರೂಪಿಸಿದ್ದರೆ, ತನ್ನ ಮೇಜಿನ ಮುಂದೆ, ವಾರ್ಡಿನಲ್ಲಿ, ತರಗತಿಯಲ್ಲಿ ಆ ಸ್ವಭಾವಕ್ಕೂ ತನ್ನ ವಿಶ್ವಾಸಕ್ಕೂ ಇರಬೇಕಾದ ಸಂಬಂಧವೇನು?

ಗೋಳಗುಮ್ಮಟದ ಸುತ್ತಣ ಪ್ರದೇಶದಲ್ಲಿ, ಅಂದರೆ ವಿಜಯಪುರ ನಗರ, ತಿಕೋಟಾ, ಬಬಲೇಶ್ವರದ ಬಯಲಿನಲ್ಲಿ ಈ ಪ್ರಶ್ನೆಗೆ ವಿಶೇಷವಾದ ತೂಕವಿದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರ ಪ್ರಮಾಣ ಶೇ 1.87, ಕರಾವಳಿ ಮತ್ತು ಬೆಂಗಳೂರಿನಲ್ಲಿ ದಟ್ಟವಾಗಿರುವ ಈ ಸಮುದಾಯ ವಿಜಯಪುರ ಜಿಲ್ಲೆಯಲ್ಲಿ ರಾಜ್ಯದ ಸರಾಸರಿಗಿಂತ ಬಹಳ ವಿರಳವಾಗಿದೆ. ಹೀಗಾಗಿ ಒಂದು ಬ್ಯಾಂಕಿನ ಶಾಖೆಯಲ್ಲೋ ಸರಕಾರಿ ಶಾಲೆಯಲ್ಲೋ ಕೆಲಸ ಮಾಡುವ ಕ್ರೈಸ್ತರು ಅನೇಕ ವೇಳೆ ಅಲ್ಲಿ ಒಬ್ಬರೇ ಇರುತ್ತಾರೆ, ಮತ್ತು ಅವರ ನಡೆಯನ್ನು ಸಹೋದ್ಯೋಗಿಗಳು ಒಬ್ಬ ವ್ಯಕ್ತಿಯ ನಡೆಯೆಂದಷ್ಟೇ ಅಲ್ಲ, ಒಂದು ಧರ್ಮದ ನಡೆಯೆಂದೂ ಓದುತ್ತಾರೆ. ಅವರು ಮೌನವಾಗಿದ್ದರೆ ಧರ್ಮವೇ ಬಿಗುಮಾನದ್ದೆಂದೂ, ಹೆಚ್ಚು ಮಾತನಾಡಿದರೆ ಧರ್ಮಪ್ರಚಾರಕ್ಕೆ ಬಂದವರೆಂದೂ ಅರ್ಥವಾಗುವ ಸಂಭವವಿರುತ್ತದೆ. ಇತ್ತ ಚರ್ಚಿನೊಳಗೆ ಬೇರೊಂದು ಅಳತೆಗೋಲಿದೆ. ಗಟ್ಟಿದನಿಯಲ್ಲಿ ಪ್ರಾರ್ಥಿಸುವವರು, ಸಭೆಯ ಮುಂದೆ ನಿಂತು ಸಾಕ್ಷಿ ಹೇಳುವವರು, ಅಂದರೆ ತಮ್ಮ ಬದುಕಿನಲ್ಲಿ ದೇವರು ಮಾಡಿದ್ದನ್ನು ಬಹಿರಂಗವಾಗಿ ವಿವರಿಸುವವರು, ಹೆಚ್ಚು ಆತ್ಮಿಕರೆಂದು ಎಣಿಸಲ್ಪಡುವ ರೂಢಿ ಹಲವು ಸಭೆಗಳಲ್ಲಿ ಬೇರೂರಿದೆ. ಸಂಕೋಚದ ಸ್ವಭಾವದ ವಿಶ್ವಾಸಿಯು ಹೀಗೆ ಕಚೇರಿಯಲ್ಲೂ ಚರ್ಚಿನಲ್ಲೂ ತನ್ನನ್ನು ಕೊರತೆಯುಳ್ಳವನೆಂದು ಭಾವಿಸಿಕೊಳ್ಳುತ್ತಾನೆ. ಈ ಭಾವನೆಗೆ ಮನಶ್ಶಾಸ್ತ್ರದಲ್ಲೂ ಆಧಾರವಿಲ್ಲ, ಬೈಬಲಿನಲ್ಲೂ ಆಧಾರವಿಲ್ಲ.

ಸ್ವಭಾವವನ್ನು ವಿಂಗಡಿಸುವ ಆಸೆ ಈ ನೆಲಕ್ಕೆ ಹೊಸದಲ್ಲ. ಸತ್ವ, ರಜಸ್ಸು, ತಮಸ್ಸು ಎಂಬ ತ್ರಿಗುಣಗಳ ವಿಚಾರವೂ ವಾತ, ಪಿತ್ತ, ಕಫಗಳ ಪ್ರಕೃತಿವಿಚಾರವೂ ಇಲ್ಲಿ ಬಹುಕಾಲದಿಂದ ಬಳಕೆಯಲ್ಲಿದ್ದವು. ಆದಿಲ್‌ಶಾಹಿಯ ಕಾಲದಲ್ಲಿ ಅವುಗಳ ಜೊತೆಗೆ ಯುನಾನಿ ವೈದ್ಯರ ಮಿಜಾಜಿನ ಕಲ್ಪನೆ, ಅಂದರೆ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ದ್ರವಗಳ ಹೆಚ್ಚುಕಡಿಮೆಯಿಂದ ಮನುಷ್ಯನ ಮನೋಧರ್ಮ ರೂಪುಗೊಳ್ಳುತ್ತದೆಂಬ ಗ್ರೀಕ್ ಮೂಲದ ವಿಚಾರ ಬಂದು ಸೇರಿತು. ಎರಡನೆಯ ಇಬ್ರಾಹಿಂ ಆದಿಲ್‌ಶಹನ ಆಸ್ಥಾನದಲ್ಲಿದ್ದ ಇತಿಹಾಸಕಾರ ಫರಿಶ್ತಾ ಭಾರತೀಯ ವೈದ್ಯವನ್ನು ಕುರಿತೂ ಪಾರ್ಸಿಯಲ್ಲಿ ಒಂದು ಗ್ರಂಥ ಬರೆದನೆಂಬುದು ಈ ಎರಡು ಪರಂಪರೆಗಳು ಒಂದೇ ಊರಿನಲ್ಲಿ ಎದುರುಬದುರಾಗಿದ್ದವೆಂಬುದಕ್ಕೆ ಸಾಕ್ಷಿ. ಅದೇ ಸುಲ್ತಾನನ ಆಸ್ಥಾನದಲ್ಲಿ 17ನೆಯ ಶತಮಾನದ ಆರಂಭದಲ್ಲಿ ಹಾರ್ಲೆಮ್ ಪಟ್ಟಣದ ಡಚ್ ಚಿತ್ರಕಾರ ಕಾರ್ನೆಲಿಸ್ ಹೇಡಾ ಕೆಲಸ ಮಾಡುತ್ತಿದ್ದನು; ಪರಧರ್ಮದ ಒಡೆಯನ ಕೈಕೆಳಗೆ ತನ್ನ ಕಸುಬಿನ ಬಲದಿಂದ ಗೌರವದ ನೆಲೆ ಪಡೆದ ಕ್ರೈಸ್ತ ದುಡಿಮೆಗಾರನ ಚಿತ್ರ ವಿಜಯಪುರದಲ್ಲಿ ಅಷ್ಟು ಹಳೆಯದು.

ಇಂದಿನ ವ್ಯಕ್ತಿತ್ವ ಮಾದರಿಗಳ ಮೂಲ ಮಾತ್ರ ಬೇರೆಡೆ ಇದೆ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಗುಸ್ತಾವ್ ಯೂಂಗ್ 1921ರಲ್ಲಿ ಮಾನಸಿಕ ಮಾದರಿಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿ, ಮನಸ್ಸಿನ ಚೈತನ್ಯ ಹೊರಗಿನ ಜನ ಮತ್ತು ವಸ್ತುಗಳ ಕಡೆಗೆ ಹರಿಯುವವರನ್ನು ಬಹಿರ್ಮುಖಿಗಳೆಂದೂ ಒಳಗಿನ ವಿಚಾರ ಮತ್ತು ಅನುಭವದ ಕಡೆಗೆ ಹರಿಯುವವರನ್ನು ಅಂತರ್ಮುಖಿಗಳೆಂದೂ ಕರೆದರು. 1875ರಲ್ಲಿ ಹುಟ್ಟಿದ ಯೂಂಗ್ ಬೆಳೆದದ್ದು ಬಾಸೆಲ್ ನಗರದ ಅಂಚಿನ ಕ್ಲೈನ್‌ಹ್ಯೂನಿಂಗನ್‌ನಲ್ಲಿ, ಓದಿದ್ದು ಬಾಸೆಲ್ ವಿಶ್ವವಿದ್ಯಾಲಯದಲ್ಲಿ. ಅವರ ತಂದೆ ಅಲ್ಲಿನ ಸುಧಾರಿತ ಸಭೆಯ ಪಾದ್ರಿ. ಕರ್ನಾಟಕದ ಪ್ರೊಟೆಸ್ಟಂಟ್ ಕ್ರೈಸ್ತರಿಗೆ ಬಾಸೆಲ್ ಪರಕೀಯ ಹೆಸರಲ್ಲ. 1815ರಲ್ಲಿ ಆ ನಗರದಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, ಅನಂತರ ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳಿಗೆ ಬಂದು, 1885ರಲ್ಲಿ ವಿಜಯಪುರದಲ್ಲಿ ತನ್ನ ನೆಲೆಯನ್ನು ತೆರೆಯಿತು. ಜಿಲ್ಲಾ ಕೇಂದ್ರವು ಕಲಾದಗಿಯಿಂದ ವಿಜಯಪುರಕ್ಕೆ ವರ್ಗವಾದದ್ದೂ ಅದೇ ವರ್ಷ. ರೈಲು ಬಂದು, ಆದಿಲ್‌ಶಾಹಿ ಅರಮನೆಗಳು ಬ್ರಿಟಿಷ್ ಆಡಳಿತದ ಕಚೇರಿಗಳಾಗಿ ಮಾರ್ಪಟ್ಟು, ಗುಮಾಸ್ತ, ಶಿಕ್ಷಕ, ರೈಲ್ವೆ ನೌಕರ ಎಂಬ ಹೊಸ ಉದ್ಯೋಗವರ್ಗ ಈ ಊರಿನಲ್ಲಿ ಕಾಣಿಸಿಕೊಂಡ ಹೊತ್ತು ಅದು. ಕಚೇರಿಯ ದುಡಿಮೆಯೂ ಬಾಸೆಲ್ಲಿನ ಭಕ್ತಿಯೂ ವಿಜಯಪುರಕ್ಕೆ ಕೂಡಿಯೇ ಬಂದವು.

ಆ ಭಕ್ತಿಯ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. ಬಾಸೆಲ್ ಮಿಷನ್ನಿನವರು ಪಯಟಿಸಂ ಎಂಬ ಪಂಥದ ಮಕ್ಕಳು. 17ನೆಯ ಶತಮಾನದ ಜರ್ಮನಿಯಲ್ಲಿ, ಧರ್ಮವು ಸಿದ್ಧಾಂತದ ಒಣ ವಾದವಾಗಿಬಿಟ್ಟಿದೆಯೆಂಬ ಅಸಮಾಧಾನದಿಂದ ಹುಟ್ಟಿದ ಈ ಚಳವಳಿ ವೈಯಕ್ತಿಕ ಪಶ್ಚಾತ್ತಾಪ, ದಿನನಿತ್ಯದ ಬೈಬಲ್ ಓದು, ಶ್ರಮದ ಬದುಕು ಮತ್ತು ಆತ್ಮಪರಿಶೀಲನೆಗಳನ್ನು ಒತ್ತಿ ಹೇಳಿತು. ರಾತ್ರಿ ಮಲಗುವ ಮುನ್ನ ದಿನವನ್ನು ಹಿಂದಿರುಗಿ ನೋಡಿ, ಮಾಡಿದ ತಪ್ಪನ್ನೂ ಮಾಡದೆ ಬಿಟ್ಟ ಒಳ್ಳೆಯದನ್ನೂ ದಿನಚರಿಯಲ್ಲಿ ಬರೆದಿಡುವುದು ಅವರಲ್ಲಿ ಅನೇಕರ ರೂಢಿಯಾಗಿತ್ತು. ಕಥೋಲಿಕರಲ್ಲಿ ಇದೇ ಅಭ್ಯಾಸವನ್ನು ಯೇಸುಸಭೆಯ ಸ್ಥಾಪಕ ಲೊಯೊಲಾದ ಸಂತ ಇಗ್ನೇಷಿಯಸ್ 16ನೆಯ ಶತಮಾನದಲ್ಲೇ ದಿನಕ್ಕೆ ಎರಡು ಬಾರಿಯ ಆತ್ಮಶೋಧನೆಯಾಗಿ ಕ್ರಮಗೊಳಿಸಿದ್ದರು. ಆಧುನಿಕ ಪ್ರಶ್ನಾವಳಿಗೂ ಈ ಹಳೆಯ ಅಭ್ಯಾಸಕ್ಕೂ ಮೇಲ್ನೋಟಕ್ಕೆ ಹೋಲಿಕೆಯಿದೆ, ಎರಡೂ ಮನುಷ್ಯನನ್ನು ತನ್ನ ಕಡೆಗೆ ತಿರುಗಿ ನೋಡುವಂತೆ ಮಾಡುತ್ತವೆ. ಆದರೆ ಒಂದು ತಾನು ಎಂಥವನೆಂದು ಕೇಳುತ್ತದೆ, ಇನ್ನೊಂದು ತಾನು ಇಂದು ಏನು ಮಾಡಿದೆನೆಂದು ಕೇಳುತ್ತದೆ. ಕೆಲಸದ ಸ್ಥಳದಲ್ಲಿ ವಿಶ್ವಾಸಿಗೆ ಎರಡೂ ಪ್ರಶ್ನೆಗಳು ಬೇಕು, ಆದರೆ ಎರಡನೆಯದು ಇಲ್ಲದ ಮೊದಲನೆಯದು ಅಪಾಯಕಾರಿ.

ಯೂಂಗರ ವಿಚಾರವನ್ನು ಪ್ರಶ್ನಾವಳಿಯ ರೂಪಕ್ಕೆ ತಂದವರು ಅಮೆರಿಕದ ತಾಯಿ ಮಗಳು, ಕ್ಯಾಥರೀನ್ ಕುಕ್ ಬ್ರಿಗ್ಸ್ ಮತ್ತು ಇಸಬೆಲ್ ಬ್ರಿಗ್ಸ್ ಮಾಯರ್ಸ್. ಇಬ್ಬರಿಗೂ ಮನಶ್ಶಾಸ್ತ್ರದಲ್ಲಿ ವಿಧಿವತ್ತಾದ ಶಿಕ್ಷಣವಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೊದಲ ಬಾರಿಗೆ ಮನೆಯಿಂದ ಹೊರಬಿದ್ದು ಕಾರ್ಖಾನೆ, ಕಚೇರಿಗಳನ್ನು ಸೇರುತ್ತಿದ್ದ ಜನರಿಗೆ, ಅದರಲ್ಲೂ ಮಹಿಳೆಯರಿಗೆ, ಸ್ವಭಾವಕ್ಕೊಪ್ಪುವ ಕೆಲಸ ಸಿಗಲೆಂಬ ಕಾಳಜಿಯಿಂದ ಇಸಬೆಲ್ ಈ ಪ್ರಶ್ನೆಗಳನ್ನು ರೂಪಿಸಿದರು. ಆದ್ದರಿಂದ ಮಾಯರ್ಸ್-ಬ್ರಿಗ್ಸ್ ಸೂಚಕವು ಹುಟ್ಟಿನಿಂದಲೇ ದುಡಿಮೆಯ ಲೋಕಕ್ಕೆ ಸೇರಿದ್ದು. ಅದು ನಾಲ್ಕು ಜೋಡಿಗಳನ್ನು ಮುಂದಿಡುತ್ತದೆ. ಅಂತರ್ಮುಖ ಮತ್ತು ಬಹಿರ್ಮುಖ ಒಲವುಗಳದು ಮೊದಲನೆಯ ಜೋಡಿ. ಕಣ್ಣೆದುರಿನ ವಿವರಗಳನ್ನು ನಂಬುವುದೋ ಅವುಗಳ ಹಿಂದಿನ ಅರ್ಥ ಮತ್ತು ಸಾಧ್ಯತೆಯನ್ನು ಹುಡುಕುವುದೋ ಎಂಬುದು ಎರಡನೆಯದು. ನಿರ್ಧಾರ ಮಾಡುವಾಗ ತರ್ಕಕ್ಕೆ ಮೊದಲ ಮಣೆಯೋ ಜನರ ಮೇಲಾಗುವ ಪರಿಣಾಮಕ್ಕೋ ಎಂಬುದು ಮೂರನೆಯದು. ಕೆಲಸವನ್ನು ಮೊದಲೇ ಗೊತ್ತುಮಾಡಿ ಮುಗಿಸಿಬಿಡುವ ಸ್ವಭಾವವೋ ಕೊನೆಯವರೆಗೂ ಬಾಗಿಲು ತೆರೆದಿಡುವ ಸ್ವಭಾವವೋ ಎಂಬುದು ನಾಲ್ಕನೆಯದು. ಈ ನಾಲ್ಕರ ಜೋಡಣೆಯಿಂದ 16 ಮಾದರಿಗಳು ಹುಟ್ಟುತ್ತವೆ.

ಇಸಬೆಲ್ ತಮ್ಮ ಜೀವನದ ದುಡಿಮೆಯನ್ನು ಒಟ್ಟುಗೂಡಿಸಿದ ಪುಸ್ತಕ ಅವರು ತೀರಿಕೊಂಡ 1980ರಲ್ಲೇ ಹೊರಬಂದಿತು. ಅದರ ಹೆಸರು ‘ಗಿಫ್ಟ್ಸ್ ಡಿಫರಿಂಗ್’. ಈ ಹೆಸರು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯದಿಂದ ತೆಗೆದುಕೊಂಡದ್ದು. ಕೃಪೆಗೆ ತಕ್ಕಂತೆ ಬೇರೆಬೇರೆ ವರಗಳು ಬೇರೆಬೇರೆಯವರಿಗೆ ದೊರೆತಿವೆಯೆಂದು ಪೌಲನು ಅಲ್ಲಿ ಹೇಳುತ್ತಾನೆ, ಬೋಧಿಸುವವನೂ ಸೇವೆ ಮಾಡುವವನೂ ದಾನ ಕೊಡುವವನೂ ಆಡಳಿತ ನಡೆಸುವವನೂ ಒಂದೇ ದೇಹದ ಅಂಗಗಳೆಂದು ವಿವರಿಸುತ್ತಾನೆ. ಕ್ರೈಸ್ತ ವಾಚಕರು ಈ ಸಂಬಂಧವನ್ನು ಕಂಡು ಹರ್ಷಗೊಂಡದ್ದು ಸಹಜವೇ. ಆದರೆ ಇಲ್ಲಿ ಒಂದು ವ್ಯತ್ಯಾಸವನ್ನು ಬಿಡಿಸಿ ನೋಡದಿದ್ದರೆ ತಪ್ಪು ತಿಳಿವಳಿಕೆಗೆ ಎಡೆಯಾಗುತ್ತದೆ. ಪೌಲನು ಹೇಳುವ ವರ ಎಂಬುದು ಮತ್ತೊಬ್ಬರಿಗಾಗಿ ಕೊಡಲ್ಪಟ್ಟದ್ದು, ಅದನ್ನು ಪಡೆದವನ ಗುರುತಿನ ಚೀಟಿಯಲ್ಲ. ಆತನು ಪಟ್ಟಿ ಮಾಡುವುದು ಮನೋಧರ್ಮಗಳನ್ನಲ್ಲ, ಕೆಲಸಗಳನ್ನು. ಅಷ್ಟೇ ಅಲ್ಲ, ಆ ಮಾತುಗಳಿಗೆ ಮುನ್ನ ತನ್ನನ್ನು ತಾನು ಮೇರೆಮೀರಿ ಎಣಿಸಿಕೊಳ್ಳಬಾರದೆಂಬ ಎಚ್ಚರಿಕೆಯಿದೆ, ಆ ಮಾತುಗಳ ಬೆನ್ನಿಗೇ ನಿಷ್ಕಪಟವಾದ ಪ್ರೀತಿಯ ಆಜ್ಞೆಯಿದೆ. ಆ ಆಜ್ಞೆ ಹದಿನಾರು ಮಾದರಿಗಳಿಗೂ ಒಂದೇ. ಭಾವಪ್ರಧಾನರು ಪ್ರೀತಿಸಲಿ, ವಿಚಾರಪ್ರಧಾನರು ಲೆಕ್ಕ ನೋಡಲಿ ಎಂಬ ವಿಭಜನೆ ಸುವಾರ್ತೆಯಲ್ಲಿ ಎಲ್ಲಿಯೂ ಸಿಗುವುದಿಲ್ಲ.

ಒಂದೇ ವಿಶ್ವಾಸ, ಒಂದೇ ಸಂಸ್ಥೆ, ಆದರೆ ಬೇರೆಬೇರೆ ಸ್ವಭಾವಗಳು ಹೇಗೆ ದುಡಿದವೆಂಬುದಕ್ಕೆ ಕನ್ನಡನಾಡಿನಲ್ಲೇ ಒಂದು ದೊಡ್ಡ ನಿದರ್ಶನವಿದೆ, ಅದು ಬಾಸೆಲ್ ಮಿಷನ್ನಿನವರದೇ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಮೊದಲ ಮೂವರಲ್ಲಿ ಒಬ್ಬರಾದ ಸಾಮುವೆಲ್ ಹೆಬಿಕ್ ಹಿಂದೆ ವ್ಯಾಪಾರದಲ್ಲಿದ್ದವರು. ಜಾತ್ರೆ, ಬೀದಿ, ಸೈನಿಕರ ಪಾಳೆಯ ಎಲ್ಲೆಂದರಲ್ಲಿ ನಿಂತು ಅಳುಕಿಲ್ಲದೆ ಬೋಧಿಸುವ ಉರಿಯುವ ಸ್ವಭಾವ ಅವರದು. 1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗ್ ಬೇರೊಂದು ಬಗೆಯವರು. ಒಂದು ಕೆಲಸ ಕೈಗೆತ್ತಿಕೊಳ್ಳುವಷ್ಟರಲ್ಲೇ ಇನ್ನೊಂದರ ಯೋಚನೆ ಅವರ ತಲೆಯಲ್ಲಿ ಸಿದ್ಧವಾಗುತ್ತಿತ್ತು. ಶಾಲೆ ನಡೆಸಿ, ವಿದ್ಯಾರ್ಥಿಗಳೊಡನೆಯೇ ವಾಸಿಸಿ, 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವೆಂಬ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿ, ಹರಿದಾಸರ ಪದಗಳನ್ನೂ ಪುರಾಣಕಾವ್ಯಗಳನ್ನೂ ಅಚ್ಚಿಗೆ ತಂದು, ಬಳಿಕ ಕೊಡಗಿಗೆ ಹೋಗಿ ಅಲ್ಲಿ ಹೊಸ ನೆಲೆಯನ್ನು ಕಟ್ಟಿದರು.

ಮೂರನೆಯವರು ಫರ್ಡಿನಂಡ್ ಕಿಟೆಲ್. 1832ರಲ್ಲಿ ಉತ್ತರ ಜರ್ಮನಿಯ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿ 1853ರಲ್ಲಿ ಕರ್ನಾಟಕಕ್ಕೆ ಬಂದ ಇವರು, ದಕ್ಷಿಣದ ವ್ಯೂರ್ಟೆಂಬರ್ಗಿನವರೇ ಹೆಚ್ಚಾಗಿದ್ದ ಆ ಬಳಗದಲ್ಲಿ ಮಾತಿನಿಂದಲೂ ನಡೆಯಿಂದಲೂ ಹೊರಗಿನವರಂತೆ ಕಂಡರು. ನೆಲೆಯ ಶಿಸ್ತಿಗೆ ಒಗ್ಗಿಕೊಳ್ಳುವುದಕ್ಕಿಂತ ಹಳ್ಳಿಗಳಲ್ಲಿ ನಡೆದಾಡುವುದೂ ಭಾಷೆಯ ಆಳಕ್ಕೆ ಇಳಿಯುವುದೂ ಅವರಿಗೆ ಪ್ರಿಯವಾಗಿದ್ದವು, ಆ ಕಾರಣದಿಂದ ಸಹಮಿಷನರಿಗಳೊಡನೆ ತಿಕ್ಕಾಟಗಳೂ ನಡೆದವು. ಮಿಷನರಿಯೆಂದರೆ ಮೊದಲಿಗೆ ಬೋಧಕ ಎಂಬ ಕಲ್ಪನೆಯಿದ್ದ ವ್ಯವಸ್ಥೆಯಲ್ಲಿ, ಹಳಗನ್ನಡದ ಛಂದಸ್ಸು ಮತ್ತು ವ್ಯಾಕರಣದ ಮುಂದೆ ಗಂಟೆಗಟ್ಟಲೆ ಕುಳಿತುಕೊಳ್ಳುವವನ ಉಪಯೋಗವೇನೆಂಬ ಸಂದೇಹ ಹುಟ್ಟುವುದು ಕಷ್ಟವಲ್ಲ. ಕಿಟೆಲ್ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು, ನಡುವೆ ಪತ್ನಿಯ ಮರಣ, ಅನಾರೋಗ್ಯ, ಜರ್ಮನಿಗೆ ಹೋಗಿಬರುವ ಪ್ರಯಾಣ ಎಲ್ಲವನ್ನೂ ದಾಟಿ, ಕನ್ನಡದ ಪಂಡಿತರ ಮತ್ತು ಸ್ಥಳೀಯ ಸಹಾಯಕರ ನೆರವಿನಿಂದ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಕಟ್ಟಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ, 1,700ಕ್ಕೂ ಹೆಚ್ಚು ಪುಟಗಳ ಆ ಗ್ರಂಥದಲ್ಲಿ ಗಾದೆಗಳೂ ಜನಬಳಕೆಯ ಮಾತುಗಳೂ ಕಾವ್ಯಪ್ರಯೋಗಗಳೂ ಪಕ್ಕಪಕ್ಕದಲ್ಲಿ ಕುಳಿತಿವೆ.

ಹೆಬಿಕ್, ಮೋಗ್ಲಿಂಗ್, ಕಿಟೆಲ್ ಮೂವರಿಗೂ ಇಂದಿನ ನಾಲ್ಕಕ್ಷರದ ಮಾದರಿಗಳನ್ನು ಅಂಟಿಸುವುದು ಇತಿಹಾಸಕ್ಕೆ ಮಾಡುವ ಅನ್ಯಾಯವಾದೀತು, ಏಕೆಂದರೆ ಸತ್ತವರು ಪ್ರಶ್ನಾವಳಿಗೆ ಉತ್ತರಿಸುವುದಿಲ್ಲ, ಪತ್ರ ಮತ್ತು ವರದಿಗಳಲ್ಲಿ ಉಳಿದದ್ದು ಅವರ ಬದುಕಿನ ಒಂದು ಭಾಗ ಮಾತ್ರ. ಆದರೂ ಒಂದು ಸಂಗತಿ ನಿಚ್ಚಳವಾಗಿದೆ: ಬೋಧಕನೆಂಬ ಒಂದೇ ಅಚ್ಚಿನಿಂದ ಮೂವರನ್ನೂ ಅಳೆದಿದ್ದರೆ ಹೆಬಿಕ್ ಮಾತ್ರ ಪೂರ್ಣಾಂಕ ಪಡೆಯುತ್ತಿದ್ದರು, ಕನ್ನಡಕ್ಕೆ ನಿಘಂಟು ಸಿಗುತ್ತಿರಲಿಲ್ಲ. ಮಿಷನ್ನಿನ ಸಮಿತಿ ಒಲ್ಲದ ಮನಸ್ಸಿನಿಂದಲೋ ದೂರದೃಷ್ಟಿಯಿಂದಲೋ ಭಿನ್ನ ಸ್ವಭಾವಗಳಿಗೆ ಎಡೆಮಾಡಿಕೊಟ್ಟಿತು. ಅಚ್ಚುಮೊಳೆ ಬಲ್ಲವನಿಗೆ ಮುದ್ರಣಾಲಯ, ಮಗ್ಗ ಬಲ್ಲವನಿಗೆ ನೇಯ್ಗೆ ಶಾಲೆ, ಮಣ್ಣಿನ ಗುಣ ಪರೀಕ್ಷಿಸಬಲ್ಲ ಯಂತ್ರಕುಶಲಿ ಪ್ಲೆಬ್ಸ್ಟ್‌ನಿಗೆ 1865ರಲ್ಲಿ ಮಂಗಳೂರಿನ ಹಂಚಿನ ಕಾರ್ಖಾನೆ ದೊರೆತವು. ಉಪದೇಶಪೀಠದ ಹೊರಗೂ ದೇವರ ಕೆಲಸವಿದೆಯೆಂಬ ಈ ತಿಳಿವಳಿಕೆಯ ಹಿಂದೆ ಮಾರ್ಟಿನ್ ಲೂಥರನ ಕರೆಯ ಸಿದ್ಧಾಂತವಿದೆ. ಸನ್ಯಾಸಿಗೂ ಪಾದ್ರಿಗೂ ಮಾತ್ರ ದೇವರ ಕರೆಯಿರುತ್ತದೆಂಬ ಮಧ್ಯಯುಗದ ನಂಬಿಕೆಯನ್ನು ತಿರಸ್ಕರಿಸಿದ ಲೂಥರ್, ನೆರೆಯವನಿಗೆ ಉಪಯೋಗವಾಗುವ ಪ್ರತಿಯೊಂದು ಪ್ರಾಮಾಣಿಕ ಉದ್ಯೋಗವೂ ದೇವರ ಕರೆಯೇ ಎಂದು ಬೋಧಿಸಿದನು.

ವಿಜಯಪುರದ ಓದುಗರಿಗೆ ಇದು ಅಪರಿಚಿತ ವಿಚಾರವಲ್ಲ. ಬಸವಣ್ಣನವರು ಹುಟ್ಟಿದ ಬಾಗೇವಾಡಿ ಇದೇ ಜಿಲ್ಲೆಯಲ್ಲಿದೆ, ಮತ್ತು ದೋಣಿ ನಡೆಸುವ ಚೌಡಯ್ಯನೂ ಬಟ್ಟೆ ಮಡಿಮಾಡುವ ಮಾಚಿದೇವನೂ ಅಕ್ಕಿ ಆಯುವ ಲಕ್ಕಮ್ಮ ಮಾರಯ್ಯರೂ ತಮ್ಮ ಕಾಯಕದ ಹೆಸರಿನಿಂದಲೇ ಶರಣರಾಗಿ ನೆನೆಯಲ್ಪಡುವ ನೆಲವಿದು. ಕಾಯಕ ಮತ್ತು ಕ್ರೈಸ್ತ ಕರೆ ಒಂದೇ ಎಂದು ಹೇಳಿದರೆ ಎರಡರ ದೇವವಿಚಾರವನ್ನೂ ಕಡೆಗಣಿಸಿದಂತಾಗುತ್ತದೆ. ಕಾಯಕವು ದಾಸೋಹದೊಡನೆ, ಲಿಂಗಾಂಗ ಸಾಮರಸ್ಯದ ಸಾಧನೆಯೊಡನೆ ಹೆಣೆದುಕೊಂಡದ್ದು, ಕರೆಯ ಸಿದ್ಧಾಂತವು ಕೃಪೆಯಿಂದ ರಕ್ಷಣೆಯೆಂಬ ಬೋಧನೆಯಿಂದ ಮೊಳೆತದ್ದು. ಆದರೆ ಕೆಲಸ ಮಾಡುವವನ ಒಳಗಣ ನಿಷ್ಠೆ ಕೆಲಸದ ಗುಣದಲ್ಲಿ ಕಾಣಿಸಬೇಕೆಂಬಲ್ಲಿ ಎರಡೂ ಒಂದಾಗುತ್ತವೆ. ವಿಜಯಪುರದಲ್ಲಿ ವಕೀಲಿ ಮಾಡುತ್ತಲೇ ಹಳ್ಳಿಹಳ್ಳಿಗಳಿಂದ ತಾಳೆಗರಿಗಳನ್ನು ಒಟ್ಟುಗೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿ, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದ ಫ. ಗು. ಹಳಕಟ್ಟಿಯವರ ಶ್ರಮವು ಕಿಟೆಲ್‌ರ ಶ್ರಮಕ್ಕೆ ಸೋದರನಂತಿದೆ. ಪರಸ್ಪರ ಭಿನ್ನ ಧರ್ಮಗಳ ಈ ಇಬ್ಬರು, ವೇದಿಕೆಯ ಮಾತಿನಿಂದಲ್ಲ, ಕುಳಿತು ಮಾಡಿದ ದೀರ್ಘ ದುಡಿಮೆಯಿಂದ ಕನ್ನಡವನ್ನು ಸಾಲಗಾರನಾಗಿ ಮಾಡಿದರು.

ಮಾಯರ್ಸ್-ಬ್ರಿಗ್ಸ್ ಸೂಚಕದ ಮಿತಿಗಳನ್ನು ಇಲ್ಲಿ ನೇರವಾಗಿ ಹೇಳಬೇಕು. ಮನುಷ್ಯರು ಅಂತರ್ಮುಖಿ, ಬಹಿರ್ಮುಖಿ ಎಂಬ ಎರಡು ಗುಂಪುಗಳಾಗಿ ಒಡೆದು ನಿಂತಿಲ್ಲ. ಅಳತೆ ಮಾಡಿದಾಗ ಹೆಚ್ಚಿನವರು ನಡುವಿನಲ್ಲೇ ಇರುತ್ತಾರೆ. ನಡುಗೆರೆಯ ಒಂದಂಕ ಆಚೆ ಇದ್ದವರಿಗೆ ಒಂದು ಹೆಸರು, ಒಂದಂಕ ಈಚೆ ಇದ್ದವರಿಗೆ ವಿರುದ್ಧ ಹೆಸರು ಕೊಡುವ ಕ್ರಮದಿಂದಾಗಿ ಕೆಲವೇ ವಾರಗಳ ಬಳಿಕ ಮತ್ತೆ ಉತ್ತರಿಸಿದವರಲ್ಲಿ ಅನೇಕರ ಮಾದರಿಯೇ ಬದಲಾಗುತ್ತದೆ. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿಯೊಂದು, ವೃತ್ತಿ ಮಾರ್ಗದರ್ಶನದಲ್ಲಿ ಈ ಸೂಚಕವನ್ನು ಬಳಸುವುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಅಭಿಪ್ರಾಯಪಟ್ಟಿತು. ಸಂಶೋಧಕರು ಇಂದು ಹೆಚ್ಚಾಗಿ ಅವಲಂಬಿಸುವುದು ಐದು ಗುಣಗಳ ಅಳತೆಯನ್ನು: ಹೊಸತಿಗೆ ತೆರೆದ ಮನಸ್ಸು, ಕರ್ತವ್ಯನಿಷ್ಠೆ, ಬಹಿರ್ಮುಖತೆ, ಸೌಹಾರ್ದ ಮತ್ತು ಭಾವನೆಗಳ ಅಸ್ಥಿರತೆ. ಇಲ್ಲಿ ಯಾರನ್ನೂ ಮಾದರಿಯೊಳಗೆ ಕೂಡಿಹಾಕುವುದಿಲ್ಲ, ಪ್ರತಿಯೊಬ್ಬರಲ್ಲೂ ಪ್ರತಿಯೊಂದು ಗುಣವೂ ಹೆಚ್ಚುಕಡಿಮೆ ಪ್ರಮಾಣದಲ್ಲಿದೆಯೆಂದು ತಿಳಿಯಲಾಗುತ್ತದೆ. 1991ರಲ್ಲೇ ಬ್ಯಾರಿಕ್ ಮತ್ತು ಮೌಂಟ್ ಎಂಬ ವಿದ್ವಾಂಸರು ಅದುವರೆಗಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಪರೀಕ್ಷೆಗೊಳಪಟ್ಟ ಎಲ್ಲ ಬಗೆಯ ಉದ್ಯೋಗಗಳಲ್ಲೂ ಒಳ್ಳೆಯ ಕೆಲಸದೊಡನೆ ಸಂಬಂಧ ತೋರಿದ ಗುಣ ಕರ್ತವ್ಯನಿಷ್ಠೆಯೆಂದು ಕಂಡುಬಂದಿತು. ಬಹಿರ್ಮುಖತೆ ಮಾರಾಟ ಮತ್ತು ಮೇಲ್ವಿಚಾರಣೆಯಂಥ ಕೆಲವು ಕೆಲಸಗಳಲ್ಲಿ ಮಾತ್ರ ನೆರವಾಯಿತು. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯು ದುಡಿಯುವವರಿಗೆ ಹೇಳುವುದೂ ಇದನ್ನೇ: ಕಣ್ಣೆದುರಿಗೆ ಮಾತ್ರ ಮೆಚ್ಚಿಸುವವರಂತೆ ಅಲ್ಲ, ಮನಃಪೂರ್ವಕವಾಗಿ, ಕರ್ತನಿಗಾಗಿ ಮಾಡುತ್ತಿರುವೆವೆಂಬ ಭಾವದಿಂದ ಮಾಡಬೇಕೆಂಬುದು ಅದರ ತಾತ್ಪರ್ಯ.

ಹಾಗಿದ್ದರೆ ಸ್ವಭಾವದ ಅರಿವಿನಿಂದ ಏನು ಪ್ರಯೋಜನ? ಪ್ರಯೋಜನ ಖಂಡಿತವಾಗಿಯೂ ಇದೆ, ಅದು ಬಹುಮಟ್ಟಿಗೆ ಇತರರನ್ನು ಕ್ಷಮಿಸುವುದರಲ್ಲಿದೆ. ತಿಕೋಟಾ ಭಾಗದ ದ್ರಾಕ್ಷಿ ತೋಟವೊಂದರ ಕೆಲಸವನ್ನು ಯೋಚಿಸಿದರೆ ಇದು ಸ್ಪಷ್ಟವಾಗುತ್ತದೆ. ಅಕ್ಟೋಬರ್ ತಿಂಗಳ ಚಾಟ್ನಿಯಲ್ಲಿ, ಅಂದರೆ ಫಲಕ್ಕಾಗಿ ಬಳ್ಳಿಯನ್ನು ಕತ್ತರಿಸುವ ಹೊತ್ತಿನಲ್ಲಿ, ಪ್ರತಿ ಕಡ್ಡಿಯ ಮೇಲೆ ಎಷ್ಟು ಕಣ್ಣು ಬಿಡಬೇಕೆಂದು ತಾಳ್ಮೆಯಿಂದ ನೋಡುವವರು ಬೇಕು. ಕೊಯ್ದ ಗೊನೆಯನ್ನು ಒಣದ್ರಾಕ್ಷಿಯ ಶೆಡ್ಡಿನಲ್ಲಿ ಹರವಿ, ಬಣ್ಣ ಮತ್ತು ತೇವವನ್ನು ದಿನವೂ ಗಮನಿಸುವವರು ಬೇಕು. ಮೋಡ ಕವಿದ ದಿನ ತಡಮಾಡದೆ ನಿರ್ಧರಿಸುವವರೂ ಮಾರುಕಟ್ಟೆಯಲ್ಲಿ ದಲಾಲರೊಡನೆ ದರ ಮಾತನಾಡುವವರೂ ಬೇಕು. ಇಲ್ಲಿ ಒಬ್ಬರಿಗೊಬ್ಬರು ಸಿಟ್ಟಾಗುವುದು ಬಹುಪಾಲು ಸ್ವಭಾವಭೇದವನ್ನು ದೋಷವೆಂದು ತಿಳಿದುಕೊಳ್ಳುವುದರಿಂದಲೇ. ವಿವರ ಕೇಳುವವನು ಸಂಶಯಪಿಶಾಚಿಯಾಗಿಯೂ ಬೇಗ ನಿರ್ಧರಿಸುವವನು ದುಡುಕಿನವನಾಗಿಯೂ ಮಾತು ಕಡಿಮೆಯಾದವನು ಸೊಕ್ಕಿನವನಾಗಿಯೂ ಕಾಣಿಸುತ್ತಾನೆ. ಅಪೊಸ್ತಲರ ಕೃತ್ಯಗಳಲ್ಲಿ ಪೌಲನಿಗೂ ಬಾರ್ನಬನಿಗೂ ಮಾರ್ಕನೆಂಬ ಯೋಹಾನನ ವಿಷಯದಲ್ಲಿ ತೀಕ್ಷ್ಣವಾದ ವಾಗ್ವಾದ ನಡೆದು ಇಬ್ಬರೂ ಬೇರೆಯಾದ ಪ್ರಸಂಗವಿದೆ. ನಡುದಾರಿಯಲ್ಲಿ ಬಿಟ್ಟುಹೋದವನನ್ನು ಕೆಲಸಕ್ಕೆ ಮತ್ತೆ ಕರೆದೊಯ್ಯಬಾರದೆಂದು ಒಬ್ಬನ ಹಟ, ಮತ್ತೊಂದು ಅವಕಾಶ ಕೊಡಬೇಕೆಂದು ಇನ್ನೊಬ್ಬನ ಹಟ. ಬರೆದವನು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಪೌಲನು ಮುಂದೆ ತಿಮೊಥೆಯನಿಗೆ ಬರೆಯುವಾಗ ಅದೇ ಮಾರ್ಕನು ತನ್ನ ಸೇವೆಗೆ ಉಪಯುಕ್ತನೆಂದು ಒಪ್ಪಿಕೊಳ್ಳುತ್ತಾನೆ.

ಇತರರ ಕಡೆಗೆ ಕ್ಷಮೆಯಾಗಿ ತಿರುಗಬೇಕಾದ ಈ ಅರಿವು ತನ್ನ ಕಡೆಗೆ ನೆಪವಾಗಿ ತಿರುಗುವುದೂ ಉಂಟು, ಕ್ರೈಸ್ತ ಉದ್ಯೋಗಿ ಎಚ್ಚರವಹಿಸಬೇಕಾದ ಸ್ಥಳವೇ ಇದು. ತಾನು ವಿಚಾರಪ್ರಧಾನ ಮಾದರಿಯವನೆಂದು ಹೇಳಿಕೊಂಡು ರೋಗಿಯ ಬಂಧುವಿಗೆ ಕಟುವಾಗಿ ಉತ್ತರಿಸುವ ಆಸ್ಪತ್ರೆಯ ಸಿಬ್ಬಂದಿ, ಅಂತರ್ಮುಖಿಯೆಂದು ಹೇಳಿಕೊಂಡು ಎದುರಿಗೇ ನಡೆಯುವ ಅನ್ಯಾಯವನ್ನು ಕಂಡೂ ಬಾಯಿ ತೆರೆಯದ ಗುಮಾಸ್ತ, ತೆರೆದ ಸ್ವಭಾವದವನೆಂದು ಹೇಳಿಕೊಂಡು ಕಡತಗಳನ್ನು ತಿಂಗಳುಗಟ್ಟಲೆ ಉಳಿಸುವ ಅಧಿಕಾರಿ, ಇವರೆಲ್ಲ ಮಾದರಿಯ ಹೆಸರಿನಲ್ಲಿ ಕರ್ತವ್ಯದಿಂದ ತಪ್ಪಿಸಿಕೊಳ್ಳುತ್ತಿದ್ದಾರೆ. ತಾನು ಮಾತಿನಲ್ಲಿ ತಡವರಿಸುವವನೆಂದು ಮೋಶೆ ನೆಪ ಹೇಳಿದಾಗ ದೇವರು ಅವನ ನಾಲಗೆಯನ್ನು ಬದಲಿಸಲಿಲ್ಲ, ಕೆಲಸದಿಂದ ಬಿಡುಗಡೆಯನ್ನೂ ಕೊಡಲಿಲ್ಲ. ಮಾತಿಗೆ ಆರೋನನನ್ನು ಜೊತೆಗೂಡಿಸಿ ಫರೋಹನ ಬಳಿಗೆ ಇಬ್ಬರನ್ನೂ ಕಳುಹಿಸಿದನು. ಸ್ವಭಾವವನ್ನು ಹೇಗೆ ನಡೆಸಿಕೊಳ್ಳಬೇಕೆಂಬುದನ್ನು ಈ ಪ್ರಸಂಗದಷ್ಟು ಸಮರ್ಥವಾಗಿ ಯಾವ ತರಬೇತಿ ಪುಸ್ತಕವೂ ಹೇಳಿಲ್ಲ. ಲೂಕನ ಸುವಾರ್ತೆಯ ಮಾರ್ಥ ಮತ್ತು ಮರಿಯರ ಕಥೆಯನ್ನೂ ಕ್ರಿಯಾಶೀಲ ಸ್ವಭಾವಕ್ಕಿಂತ ಧ್ಯಾನಶೀಲ ಸ್ವಭಾವ ಮೇಲೆಂಬುದಕ್ಕೆ ಪುರಾವೆಯಾಗಿ ಬಳಸುವ ರೂಢಿಯಿದೆ, ಅದು ಸರಿಯಲ್ಲ. ಯೇಸು ಅಲ್ಲಿ ಎತ್ತಿ ತೋರಿಸುವುದು ಮಾರ್ಥಳ ಕೆಲಸವನ್ನಲ್ಲ, ಹಲವು ವಿಷಯಗಳ ಕುರಿತ ಅವಳ ತಳಮಳವನ್ನು. ತಂಗಿಯನ್ನೂ ತನ್ನಂತಾಗಿಸಬೇಕೆಂಬ ಅವಳ ಕೋರಿಕೆಗೆ ಆತನು ಒಪ್ಪುವುದಿಲ್ಲ.

ಸ್ವಭಾವ, ವಿಶ್ವಾಸ, ವೃತ್ತಿಗಳು ಒಂದಕ್ಕೊಂದು ಹೊಂದದೆ ಹೋದಾಗ ಆಗುವ ನೋವಿನ ಚಿತ್ರವೂ ಬಾಸೆಲ್ಲಿನಿಂದಲೇ ಬರುತ್ತದೆ. ಯೂಂಗ್ ತಮ್ಮ ಆತ್ಮಕಥನದಲ್ಲಿ, ಪಾದ್ರಿಯಾಗಿದ್ದ ತಂದೆಯ ವಿಶ್ವಾಸವು ಒಳಗೇ ಬತ್ತಿಹೋಗಿದ್ದರೂ ಅವರು ವಾರವಾರವೂ ಉಪದೇಶ ಮಾಡುತ್ತಲೇ ಇದ್ದುದನ್ನು, ಸಂದೇಹಗಳನ್ನು ಯಾರೊಡನೆಯೂ ಹೇಳಿಕೊಳ್ಳಲಾರದೆ ಕುಗ್ಗಿಹೋದುದನ್ನು ವಿವರಿಸಿದ್ದಾರೆ. ಮನುಷ್ಯನ ಒಳಮುಖವನ್ನು ಓದುವ ವಿದ್ಯೆಗೆ ಮಗ ತನ್ನ ಬದುಕನ್ನೇ ಕೊಟ್ಟದ್ದಕ್ಕೆ ಆ ಮನೆಯ ಮೌನವೂ ಒಂದು ಕಾರಣವಾಗಿರಬೇಕು. ಸಭಾಪಾಲಕರಿಗೂ ಸಂದೇಹ ಬರಬಹುದು, ದಣಿವಾಗಬಹುದು, ಸದಾ ನಗುಮುಖದ ಬಹಿರ್ಮುಖಿಯಾಗಿರುವುದು ಅವರ ಸೇವೆಯ ಷರತ್ತಲ್ಲವೆಂಬುದನ್ನು ಸಭೆಗಳು ಅರಿಯಬೇಕು.

ಉದ್ಯೋಗಸ್ಥಳದಲ್ಲಿ ಸಾಕ್ಷಿಯ ಪ್ರಶ್ನೆಯನ್ನೂ ಇದೇ ಬೆಳಕಿನಲ್ಲಿ ನೋಡುವುದು ಒಳ್ಳೆಯದು. ಕಚೇರಿಯೂ ಶಾಲೆಯೂ ಆಸ್ಪತ್ರೆಯೂ ಎಲ್ಲ ಧರ್ಮದವರಿಗೂ ಸೇರಿದ ಜಾಗಗಳು. ಅಧಿಕಾರದ ಸ್ಥಾನದಲ್ಲಿರುವವನು ಕೈಕೆಳಗಿನವನ ಮುಂದೆ, ವೈದ್ಯನು ರೋಗಿಯ ಮುಂದೆ, ಶಿಕ್ಷಕನು ವಿದ್ಯಾರ್ಥಿಯ ಮುಂದೆ ತನ್ನ ಧರ್ಮವನ್ನು ಒತ್ತಿ ಹೇಳುವುದು ಎದುರಿನವನ ಸ್ವಾತಂತ್ರ್ಯವನ್ನು ಕುಗ್ಗಿಸುತ್ತದೆ. ಆದರೆ ಲಂಚ ಮುಟ್ಟದ ಕೈ, ತಪ್ಪಿಲ್ಲದ ಲೆಕ್ಕ, ಬಡವನಿಗೂ ಶ್ರೀಮಂತನಿಗೂ ಒಂದೇ ಸ್ವರದಲ್ಲಿ ಕೊಡುವ ಉತ್ತರ ಇವುಗಳಿಗೆ ಯಾರ ಅನುಮತಿಯೂ ಬೇಕಾಗಿಲ್ಲ, ಯಾವ ವಿಶೇಷ ಸ್ವಭಾವವೂ ಬೇಕಾಗಿಲ್ಲ. ಕೇಳಿದವರಿಗೆ ತನ್ನ ನಂಬಿಕೆಯ ಕಾರಣವನ್ನು ಸೌಮ್ಯವಾಗಿ ಹೇಳುವುದು ಅಂತರ್ಮುಖಿಗೂ ಸಾಧ್ಯ, ಕೇಳದಿದ್ದಾಗ ಸುಮ್ಮನಿರುವುದು ಬಹಿರ್ಮುಖಿಗೂ ಸಾಧ್ಯ.

ಮಾಯರ್ಸ್-ಬ್ರಿಗ್ಸ್ ಸೂಚಕವನ್ನು ಪ್ರಕಟಿಸುವ ಸಂಸ್ಥೆಯೇ ಅದನ್ನು ನೌಕರರ ಆಯ್ಕೆಗೆ ಬಳಸಬಾರದೆಂದು ಹೇಳುತ್ತದೆ. ವಿಜಯಪುರದ ಸಂಸ್ಥೆಗಳ ಆಡಳಿತಗಾರರೂ ಸಭೆಗಳ ಹಿರಿಯರೂ ಈ ಮಾತನ್ನು ಗಮನಿಸಲಿ: ಯಾರಿಗೆ ಯಾವ ಹೊಣೆ ಕೊಡಬೇಕೆಂದು ನಿರ್ಧರಿಸುವಾಗ ಪ್ರಶ್ನಾವಳಿಯ ಫಲಿತಾಂಶವನ್ನೋ ಪ್ರಾರ್ಥನೆಯ ದನಿಯ ಏರನ್ನೋ ನೋಡದೆ, ಆ ವ್ಯಕ್ತಿ ಈವರೆಗೆ ಮಾಡಿರುವ ಕೆಲಸವನ್ನು ನೋಡಲಿ, ಮತ್ತು ಮುಂದೆ ಬಂದು ಕೇಳಲು ಅಂಜುವವರ ಬಳಿಗೆ ತಾವೇ ಹೋಗಿ ಕೇಳಲಿ.